ದೊಡ್ಡಮ್ಮನ ಕಲ್ಲು, ದೇಶದ ಕಲ್ಲು

ಒಂದು ದೇಶ ಬೇಕು ಎಂದರೆ ಮೊದಲು ನಾಲ್ಕು ಹಾಳುಗೋಡೆಗಳಾದರೂ ಇರಬೇಕಂತೆ. ನಮ್ಮ ನಿರಾಶ್ರಿತರ ಶಿಬಿರದ ಸಂಸ್ಕೃತಿ ಕಚೇರಿಯ ಮುಖ್ಯಸ್ಥ ಬುಜಾರಿ ಪ್ರತಿ ಸಭೆಯಲ್ಲೂ ಇದನ್ನೇ ಹೇಳುತ್ತಿದ್ದ. ಈಜಿಪ್ಟಿನವರಿಗೆ ಪಿರಮಿಡ್ಡಿದೆ, ಅಲ್ಜೀರಿಯದವರಿಗೆ ರೋಮನರ ಕಂಬಗಳಿವೆ, ನಮ್ಮ ನೆಲದ ಮೇಲೆ ಬಂದು ಕೂತಿರುವ ಉತ್ತರದ ನೆರೆಯವರಿಗೆ ಕೋಟೆ ಕೊತ್ತಲಗಳಿವೆ, ಮರುಭೂಮಿಯ ಅಲೆಮಾರಿ ಸಹ್ರಾವಿಗಳಾದ ನಮಗೇನಿದೆ ಎಂದು ಅವನು ಕೇಳಿದಾಗ ಎಲ್ಲರೂ ಚಾಪೆ ನೋಡುತ್ತಿದ್ದರು. ನಾವು ಮೋಡದ ಹಿಂದೆ ಹೋಗುವ ಜನ. ಮಳೆ ಎಲ್ಲಿ ಬಿತ್ತೋ ಅಲ್ಲಿ ಡೇರೆ. ಎದ್ದು ಹೊರಟರೆ ಗೂಟವನ್ನೂ ಬಿಡುವುದಿಲ್ಲ, ಒಲೆಯ ಮೂರು ಕಲ್ಲು ಮಾತ್ರ ಉಳಿಯುತ್ತವೆ. ಹಿಂದೆ ಏನೂ ಉಳಿಸದೆ ಹೋಗುವುದನ್ನೇ ನಮ್ಮ ಹಿರಿಯರು ಅಚ್ಚುಕಟ್ಟು ಅನ್ನುತ್ತಿದ್ದರು. ಈಗ ಆ ಅಚ್ಚುಕಟ್ಟೇ ನಮಗೆ ಮುಳುವಾಗಿದೆ. ನೀವು ಅಲ್ಲಿ ಇದ್ದಿರಿ ಅನ್ನುವುದಕ್ಕೆ ಗುರುತೆಲ್ಲಿ ಎಂದು ಲೋಕ ಕೇಳುತ್ತದೆ, ನಾವು ಮೂರು ಒಲೆಕಲ್ಲು ತೋರಿಸುತ್ತೇವೆ.

ಈ ಗುರುತಿನ ಹುಚ್ಚು ನನ್ನ ದೊಡ್ಡಮ್ಮ ಎಂಗಿಯಾಳ ಅರೆಯುವ ಕಲ್ಲಿನ ಮೇಲೆ ಬಂದು ಬಿತ್ತು. ನಾನು ಹಮ್ದಿ, ಅವಳ ತಂಗಿಯ ಮಗ. ಒಂದು ಹಳೆಯ ಲ್ಯಾಂಡ್ ರೋವರ್ ಓಡಿಸಿ ಹೊಟ್ಟೆ ಹೊರೆಯುವವನು. ದೊಡ್ಡಮ್ಮನಿಗೆ ಎಲ್ಲಿಗೆ ಹೋಗಬೇಕಾದರೂ ನನ್ನ ಗಾಡಿಯೇ ಆಗಬೇಕಾದ್ದರಿಂದ ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ.

ಎಂಗಿಯಾ ಹುಟ್ಟಿದ್ದು ಜ಼ೆಮ್ಮೂರಿನ ಗುಡ್ಡಗಳ ಕಡೆ, ಮಿಡತೆಗಳ ವರ್ಷದಲ್ಲಿ. ನಾವು ವರ್ಷಗಳಿಗೆ ಅಂಕಿ ಕೊಡುವುದಿಲ್ಲ, ಹೆಸರು ಕೊಡುತ್ತೇವೆ. ಅವಳು ಬಿಡಾರ ಎತ್ತಿದ ಜಾಗದಲ್ಲಿ ಮೇಕೆಗೂ ವಾಸನೆ ಸಿಗುತ್ತಿರಲಿಲ್ಲ ಎಂದು ಆ ಕಾಲದ ಹೆಂಗಸರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. ಮೂರು ಮದುವೆಯಾದಳು. ಮೊದಲನೆಯವನು ಚಹಾಕ್ಕೆ ಸಕ್ಕರೆ ಎಣಿಸಿ ಹಾಕುತ್ತಿದ್ದ, ಅವನನ್ನು ಬಿಟ್ಟಳು. ನಮ್ಮಲ್ಲಿ ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ ಹಬ್ಬ ಮಾಡುತ್ತಾರೆ. ಡೋಲು ಹೊಡೆದು, ಹೆಂಗಸರು ಗಂಟಲೆತ್ತಿ ಕೇಕೆ ಹಾಕಿ, ಒಂಟೆ ಕಡಿದು ಊಟ ಹಾಕುತ್ತಾರೆ. ಎರಡನೆಯವನು ಕವಿ. ಬೇರೆ ಹೆಂಗಸರ ಕಣಕಾಲಿನ ಮೇಲೆ ಪದ ಕಟ್ಟುತ್ತಿದ್ದ. ಅವನನ್ನು ಬಿಟ್ಟಾಗ ಹಬ್ಬ ಇನ್ನೂ ಜೋರಾಯಿತು. ಮೂರನೆಯವನು ಸಾಲೆಕ್. ಅವನ ಮೇಲೆ ಅವಳಿಗೆ ಒಂದೇ ಒಂದು ದೂರಿರಲಿಲ್ಲ. ಯುದ್ಧ ಶುರುವಾದಾಗ ಬಂದೂಕು ಹಿಡಿದು ಹೋದ, ಬರಲಿಲ್ಲ, ಹೆಣವೂ ಬರಲಿಲ್ಲ. ಅಂಥದ್ದಕ್ಕೆ ನಮ್ಮಲ್ಲಿ ಯಾವ ಹಬ್ಬವೂ ಇಲ್ಲ.

ವಿಮಾನಗಳ ವರ್ಷದಲ್ಲಿ ಎಲ್ಲರೂ ಪೂರ್ವಕ್ಕೆ ಓಡಿದರು. ದೊಡ್ಡಮ್ಮನ ಎರಡು ಒಂಟೆಗಳಲ್ಲಿ ಒಂದು ಬಾಂಬಿಗೆ ಹೋಯಿತು. ಉಳಿದದ್ದರ ಮೇಲೆ ಬಿಡಾರದ ಮಕ್ಕಳನ್ನು ಹೇರಬೇಕೋ ಸಾಮಾನನ್ನೋ? ಮಕ್ಕಳನ್ನೇ ಹೇರಿದಳು. ಒಣಹೊಳೆಯ ಪಕ್ಕದ ಒಂದು ಜಾಲಿಮರದ ಕೊಂಬೆಗೆ ಡೇರೆಯ ಕಂಬಗಳನ್ನು ಕಟ್ಟಿದಳು, ತನ್ನ ಮದುವೆಯ ಜೀನು ಕಟ್ಟಿದಳು, ಕೆಟಲು ನೇತುಹಾಕಿದಳು. ಬುಡದಲ್ಲಿ ಅರೆಯುವ ಕಲ್ಲು ಇಟ್ಟಳು. ಹೀಗೆ ಮರಕ್ಕೆ ಒಪ್ಪಿಸಿ ಹೋದ ಸಾಮಾನನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ನೆತ್ತರ ಹಗೆಯವನೂ ಮುಟ್ಟುವುದಿಲ್ಲ. ಬಾಯಾರಿ ಸಾಯುತ್ತಿರುವವನು ನೀರಿನ ಚೀಲದಿಂದ ಕುಡಿಯಬಹುದು, ಚೀಲ ಒಯ್ಯುವಂತಿಲ್ಲ. ಸಾಮಾನಿನ ಒಡೆಯ ಮಳೆಗೆ ಹೋಗಿದ್ದಾನೆ, ಬರುತ್ತಾನೆ ಎಂದು ಅರ್ಥ. ಎಷ್ಟು ವರ್ಷವಾದರೂ ಅದೇ ಅರ್ಥ.

ಕಲ್ಲಿನ ವಿಚಾರ ಒಂದಿಷ್ಟು ಹೇಳಬೇಕು. ಅದನ್ನು ನಮ್ಮವರು ಯಾರೂ ಕೆತ್ತಿದ್ದಲ್ಲ. ದೊಡ್ಡಮ್ಮನ ಮುತ್ತಜ್ಜಿಗೆ ಮರಳಿನಲ್ಲಿ ಸಿಕ್ಕಿದ್ದು, ನಡುವೆ ಸವೆದು ದೋಣಿಯ ಹಾಗೆ ತಗ್ಗಾಗಿತ್ತಂತೆ. ಅಂದಿನಿಂದ ನಾಲ್ಕು ತಲೆಮಾರು ಅದರ ಮೇಲೆ ಜವೆಗೋಧಿ ಅರೆದಿದ್ದಾರೆ. ಪಕ್ಕದ ಡೇರೆಯವಳೊಬ್ಬಳು ಎರವಲು ಒಯ್ದು ತನ್ನದೇ ಅನ್ನತೊಡಗಿದ ಮೇಲೆ ನಮ್ಮ ಮುತ್ತಾತ ಅದರ ಪಕ್ಕೆಯಲ್ಲಿ ನಮ್ಮ ಕುಲದ ಒಂಟೆಗಳ ಕತ್ತಿಗೆ ಹಾಕುವ ಮುದ್ರೆ ಕೊರೆದ. ಒಂದು ವೃತ್ತ, ಅದರಿಂದ ಹೊರಟ ಮೂರು ಗೆರೆ.

ಅಲ್ಜೀರಿಯದ ನೆಲದ ಈ ಕಲ್ಲುಬಯಲಿಗೆ ಬಂದು ಶಿಬಿರ ಕಟ್ಟಿದವರು ಹೆಂಗಸರೇ. ಗಂಡಸರೆಲ್ಲ ಯುದ್ಧದಲ್ಲಿದ್ದರು. ದೊಡ್ಡಮ್ಮ ಮೈಮೇಲಿನ ಬಟ್ಟೆ ಬಿಚ್ಚಿ ಡೇರೆ ಹೊಲಿದಳು, ಬೇಳೆ ಹಂಚಿದಳು, ಇಟ್ಟಿಗೆ ಹಾಕಿದಳು. ನಾವು ಕಳೆದುಕೊಂಡ ಊರುಗಳ ಹೆಸರನ್ನು ಶಿಬಿರಗಳಿಗೆ ಇಟ್ಟೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ ದೇಶಕ್ಕಿಂತ ಮೊದಲೇ ಮಂತ್ರಿಗಳು ಬಂದರು, ಕಚೇರಿಗಳು ಬಂದವು, ರಬ್ಬರ್ ಸ್ಟಾಂಪುಗಳು ಬಂದವು. ವರ್ಷಗಳು ಕಳೆದವು. ಅಕ್ಕಪಕ್ಕದವರು ನೆಲಕ್ಕೆ ಸಿಮೆಂಟು ಹಾಕಿಸಿದರು, ಬಾಗಿಲಿಗೆ ಬಣ್ಣ ಬಳಿಸಿದರು. ದೊಡ್ಡಮ್ಮ ಮರಳಿನ ಮೇಲೆ ಚಾಪೆ ಹಾಕಿಕೊಂಡೇ ಇದ್ದಳು.

"ಸಿಮೆಂಟು ಹಾಕ್ಸು ದೊಡ್ಡಮ್ಮ, ಚೇಳು ಬರ್ತವೆ" ಎಂದರೆ, "ಸಿಮೆಂಟು ಇಲ್ಲೇ ಸಾಯೋರಿಗೆ ಕಣೋ. ನನ್ ಸಾಮಾನು ಮರದಲ್ಲಿದೆ" ಅನ್ನುತ್ತಿದ್ದಳು.

ಬಡತನ ಬಂದರೂ ಅದೇ ಮಾತು, ಜ್ವರ ಬಂದರೂ ಅದೇ ಮಾತು. ಆ ಕಲ್ಲು ಆ ಮರದ ಕೆಳಗೆ ಇರುವತನಕ ಅವಳು ನಿರಾಶ್ರಿತಳಲ್ಲ, ಮಳೆಗೆ ಹೋದವಳು. ಅವಳ ಇಡೀ ಬದುಕು ಆ ಕಲ್ಲಿನ ಮೇಲೆ ಕೂತಿತ್ತು ಎಂದರೆ ನಾನು ಹೆಚ್ಚು ಹೇಳಿದಂತಾಗುವುದಿಲ್ಲ.

ನಮ್ಮ ನೆಲವನ್ನು ಸೀಳಿ ಶತ್ರುಗಳ ಮರಳುಗೋಡೆ ಎದ್ದು, ಕದನ ನಿಂತ ಮೇಲೆ ಗೋಡೆಯ ಈಚೆಗಿನ ನೆಲ ನಮ್ಮ ಕೈಯಲ್ಲಿ ಉಳಿಯಿತು. ದೊಡ್ಡಮ್ಮನ ಜಾಲಿಮರ ದೇವರ ದಯದಿಂದ ಈಚೆಗೇ ಇತ್ತು. ಒಳ್ಳೆ ಮಳೆಯಾದ ಒಂದು ವರ್ಷ ಅವಳು ನನ್ನ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಯಾವ ಗುಡ್ಡದ ಹೆಸರೇನು ಎಂದು ಹೇಳುತ್ತಲೇ ಬಂದಳು. ಮರ ಕಂಡ ಕೂಡಲೇ ಗಾಡಿ ನಿಲ್ಲಿಸಲು ಹೇಳಿ ಇಳಿದು ನಡೆದಳು.

ಜೀನನ್ನು ಗೆದ್ದಲು ತಿಂದಿತ್ತು. ಕಂಬಗಳು ಬಿಳಿಚಿಕೊಂಡು ಹಾಗೇ ಇದ್ದವು. ಕೆಟಲು ತುಕ್ಕು ಹಿಡಿದು ಕೊಂಬೆಯಲ್ಲಿ ತೂಗುತ್ತಿತ್ತು. ಬುಡದಲ್ಲಿ ಕಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಯಾರೋ ಚೌಕಾಕಾರವಾಗಿ ಅಗೆದು ಅಂಚನ್ನು ಸವರಿ ನುಣ್ಣಗೆ ಮಾಡಿದ್ದರು.

ದೊಡ್ಡಮ್ಮ ಆ ಚೌಕದ ಸುತ್ತ ಒಂದು ಸುತ್ತು ಬಂದಳು. "ಕೆಟಲು ಬಿಟ್ಟು ಕಲ್ಲು ಹೊತ್ಕೊಂಡು ಹೋಗೋ ಕಳ್ಳ ಎಲ್ಲಾದ್ರೂ ಉಂಟೇನೋ?" ಎಂದಳು.

"ನಮ್ಮೋರಂತೂ ಅಲ್ಲ" ಅಂದೆ.

"ನಮ್ಮೋರಲ್ಲ. ಒಂದೋ ಹುಚ್ಚ, ಇಲ್ಲಾ ಓದಿದೋನು."

ಕೆಟಲನ್ನಾದರೂ ತರೋಣ ಎಂದರೆ ಬಿಡಲಿಲ್ಲ. ಮರದ್ದು ಮರದಲ್ಲೇ ಇರಲಿ ಎಂದಳು. ಬರುವಾಗ ಗುಡ್ಡಗಳ ಹೆಸರು ಹೇಳಲಿಲ್ಲ. 

ಕಳ್ಳ ಸಿಕ್ಕಿದ್ದು ಆ ಚಳಿಗಾಲದ ರಾಷ್ಟ್ರೀಯ ದಿನದಂದು. ಶಿಬಿರದಲ್ಲಿ ಹೊಸದಾಗಿ ಪರಂಪರೆಯ ಮನೆ ಎಂಬ ಪ್ರದರ್ಶನಾಲಯ ತೆರೆದಿದ್ದರು. ಮಣ್ಣಿನ ಇಟ್ಟಿಗೆಯ ಎರಡು ಕೋಣೆ, ತಗಡಿನ ಚಾವಣಿ. ನಡುಮಧ್ಯೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ, ಕೆಂಪು ಬಟ್ಟೆಯ ಮೇಲೆ, ನಮ್ಮ ಕಲ್ಲು. ಕೆಳಗಿನ ಹಲಗೆಯಲ್ಲಿ ಹೀಗೆ ಬರೆದಿತ್ತು: "ಅರೆಯುವ ಕಲ್ಲು. ಐದು ಸಾವಿರ ವರ್ಷ ಹಳೆಯದು. ಸಹ್ರಾವಿ ಜನತೆಯ ನಿರಂತರ ಅಸ್ತಿತ್ವದ ಸಾಕ್ಷಿ. ಪಕ್ಕೆಯ ಚಿಹ್ನೆಯ ಅರ್ಥ ತಿಳಿದಿಲ್ಲ, ಸೂರ್ಯನಿರಬಹುದು."

ಶಿಬಿರಕ್ಕೆ ಶಿಬಿರವೇ ಸಾಲಾಗಿ ಬಂದು ಆ ಸೂರ್ಯನನ್ನು ನೋಡಿತು. ಗಡ್ಡ ನೆರೆತವರಲ್ಲಿ ಆ ಮುದ್ರೆ ಯಾರದೆಂದು ತಿಳಿಯದವರು ಒಬ್ಬರೂ ಇರಲಿಲ್ಲ. ದೂರದಿಂದ ಒಂಟೆಯ ಕತ್ತು ನೋಡಿ ಯಾರ ಮಗಳ ಮದುವೆಗೆ ಹೊರಟಿದೆ ಎಂದು ಹೇಳಬಲ್ಲ ಜನ ಇವರು. ಎಲ್ಲರೂ "ಸೂರ್ಯ, ಸೂರ್ಯ" ಎಂದು ತಲೆಯಾಡಿಸಿ ಹೊರಗೆ ಹೋದರು. ಯಾಕೆಂದರೆ ಮುದ್ರೆ ಎಂದರೆ ಕುಲ, ಕುಲದ ಹೆಸರೆತ್ತುವುದು ನಮ್ಮ ಹೋರಾಟದಲ್ಲಿ ಮೊದಲ ದಿನದಿಂದಲೂ ನಿಷಿದ್ಧ. ನಾವೆಲ್ಲ ಒಂದೇ ಜನ. ನಡುವೆ ಒಮ್ಮೆ ಗುರುತು ಹಿಡಿಯುವ ವರ್ಷ ಬಂತು. ಸ್ವತಂತ್ರ ದೇಶ ಬೇಕೇ ಎಂಬ ಜನಮತಗಣನೆಗೆ ಮತದಾರರ ಪಟ್ಟಿ ಮಾಡುತ್ತೇವೆಂದು ಹೊರಗಿನವರು ಬಂದು ಒಬ್ಬೊಬ್ಬರನ್ನೂ ಕೂರಿಸಿ ನಿನ್ನ ಕುಲ ಯಾವುದು, ಒಳಕುಲ ಯಾವುದು ಎಂದು ಕೇಳಿದರು. ಆ ಕೆಲವು ತಿಂಗಳು ಕುಲ ಹೇಳುವುದೇ ದೇಶಭಕ್ತಿಯಾಗಿತ್ತು. ಜನಮತಗಣನೆ ಬರಲಿಲ್ಲ, ಕುಲ ಮತ್ತೆ ಪಾಪವಾಯಿತು.

ಕಲ್ಲು ತಂದವನು ಪರಂಪರೆಯ ಮನೆಯ ಉಸ್ತುವಾರಿ ಮಹ್ಫೂದ್. ಅವನನ್ನು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಓದಲು ಕ್ಯೂಬಾಕ್ಕೆ ಕಳಿಸಿದ್ದರು. ಮೀಸೆ ಬಂದ ಮೇಲೆ, ಹಳೆಯ ವಸ್ತುಗಳ ವಿದ್ಯೆ ಕಲಿತು ಬಂದ. ಕಾಫಿ ಕುಡಿಯುತ್ತಾನೆ, ಸ್ಪ್ಯಾನಿಷ್‌ನಲ್ಲಿ ಕನಸು ಕಾಣುತ್ತಾನೆ, ಮನುಷ್ಯ ಬಂಗಾರದಂಥವನು. ಕುಲವನ್ನು ಮರೆಯಿರಿ ಎಂಬ ಆಜ್ಞೆಯನ್ನು ನಮ್ಮಲ್ಲಿ ನಿಜವಾಗಿ ಪಾಲಿಸಿದವನು ಅವನೊಬ್ಬನೇ, ಯಾಕೆಂದರೆ ಅವನಿಗೆ ಕುಲವನ್ನು ಕಲಿಸಿಯೇ ಇರಲಿಲ್ಲ. ಮುದ್ರೆ ನೋಡಿ ಅವನು ಪ್ರಾಮಾಣಿಕವಾಗಿಯೇ ಸೂರ್ಯ ಎಂದುಕೊಂಡಿದ್ದ. ಗೊತ್ತಿಲ್ಲದವನು ಬರೆದ, ಗೊತ್ತಿದ್ದವರು ಬಾಯಿ ಮುಚ್ಚಿಕೊಂಡರು. ನಮ್ಮ ಇತಿಹಾಸ ಹೀಗೆ ತಯಾರಾಯಿತು.

ದೊಡ್ಡಮ್ಮ ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ "ಕಚೇರಿ ಯಾವ ಕಡೆ?" ಎಂದಳು.

ಕಚೇರಿಯಲ್ಲಿ ಮಹ್ಫೂದ್ ಇದ್ದ, ಬುಜಾರಿಯೂ ಇದ್ದ. ನಮ್ಮಲ್ಲಿ ಜಗಳಕ್ಕೂ ಒಂದು ಕ್ರಮವಿದೆ. ಮೊದಲು ಕ್ಷೇಮ ಸಮಾಚಾರ ಮುಗಿಯಬೇಕು: ನೀವು ಹೇಗೆ, ಮನೆಯವರು ಹೇಗೆ, ಮೇಕೆಗಳು ಹೇಗೆ, ಮಳೆಯ ಸುದ್ದಿ ಏನು. ಆಮೇಲೆ ಚಹಾ ಬರಬೇಕು. ಚಹಾ ಮೂರು ಲೋಟ, ಮೂರನೆಯದು ಕುಡಿಯದೆ ಎದ್ದು ಹೋಗುವುದು ಬೈಗುಳಕ್ಕಿಂತ ಕೆಟ್ಟದ್ದು. ಹಾಗಾಗಿ ಎಂಥ ಸಿಟ್ಟು ಬಂದರೂ ಕೆಂಡದ ಮೇಲಿನ ಕೆಟಲು ಕುದಿಯುವುದನ್ನು ಕಾಯುತ್ತ ಎದುರುಬದುರು ಕೂತಿರಬೇಕು.

ಮೊದಲ ಲೋಟಕ್ಕೆ ದೊಡ್ಡಮ್ಮ ಹೇಳಿದಳು: "ಆ ಕಲ್ಲು ನಂದು."

ಮಹ್ಫೂದ್ ಮೆತ್ತಗೆ, "ಅಮ್ಮಾ, ಅದು ಐದು ಸಾವಿರ ವರ್ಷ ಹಳೇದು" ಎಂದ.

"ಇರ್ಬಹುದಪ್ಪಾ. ನಮ್ ಮುತ್ತಜ್ಜಿ ಮರಳಿಂದ ಎತ್ಕೊಂಡಾಗ್ಲೇ ಹಳೇದಾಗಿತ್ತು. ಹಳೇದಾದ್ರೆ ನಂದಲ್ವಾ? ನಾನೇನು ಹೊಸಬಳಾ?"

"ಅಷ್ಟು ಹಳೇದು ಒಬ್ಬರದಾಗಲ್ಲ ಅಮ್ಮಾ. ಅದು ಇಡೀ ಜನರದು."

"ಓಹೋ. ಕೆಟಲು ನಂದು, ಕಲ್ಲು ಜನರದು. ಹಿಟ್ಟು ಅರೆಯೋಕೆ ಮಾತ್ರ ಜನ ಬರ್ಲಿಲ್ಲ, ನಾನೇ ಅರೀತಿದ್ದೆ."

ಎರಡನೆಯ ಲೋಟ ಬಂತು. ಬುಜಾರಿ ಗಂಟಲು ಸರಿಮಾಡಿಕೊಂಡು, "ನಿಮ್ಮದು ಅನ್ನೋಕೆ ಆಧಾರ ಏನು, ಎಂಗಿಯಮ್ಮ?" ಎಂದ.

"ಪಕ್ಕೆಲಿ ನಮ್ ಮುದ್ರೆ ಇದೆಯಲ್ಲ."

ಬುಜಾರಿಗೆ ಕೆಮ್ಮು ಬಂತು. "ನಮ್ಮ ಅಂದ್ರೆ ಯಾರ? ಇಲ್ಲಿ ನಾವೆಲ್ಲಾ ಒಂದೇ ಜನ. ಮಾತು ಎತ್ತೆತ್ತಲೋ ಹೋದ್ರೆ ನಾನು ಮೇಲೆ ತಿಳಿಸ್ಬೇಕಾಗುತ್ತೆ."

"ಜನ ಒಂದೇ ಸರಿ. ಒಂಟೆ ಒಂದೇ ಅಲ್ವಲ್ಲ. ಬುಜಾರಿ, ನಿಮ್ಮಪ್ಪನ ಬಿಳಿ ಒಂಟೆ ಕತ್ತಿನ ಮೇಲೆ ಏನಿತ್ತಪ್ಪಾ? ಅದೂ ಇದೇ ಸೂರ್ಯನೇನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಬುಜಾರಿ ತನ್ನ ಕತ್ತನ್ನೇ ಸವರಿಕೊಂಡ. ಮಹ್ಫೂದ್ ಅವನ ಮುಖ ನೋಡಿದ, ಇವಳ ಮುಖ ನೋಡಿದ, ಏನೂ ಅರ್ಥವಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಅಮ್ಮಾ, ನಾನು ಯಾರ ಮನೆಯಿಂದಲೂ ತಂದಿಲ್ಲ. ಒಂದು ಮರದ ಕೆಳಗೆ ಅನಾಥವಾಗಿ ಬಿದ್ದಿತ್ತು."

ಮೂರನೆಯ ಲೋಟ ಬಂತು. ಬಿದ್ದಿತ್ತು ಎಂಬ ಮಾತು ದೊಡ್ಡಮ್ಮನ ಬಾಯಿ ಕಟ್ಟಿಸಿತ್ತು. ಬೆಳೆದು ನಿಂತ ಸಹ್ರಾವಿ ಗಂಡಸಿಗೆ ಮರದ ಧರ್ಮ ವಿವರಿಸುವುದೆಂದರೆ ನೀರು ಒದ್ದೆ ಇರುತ್ತದೆ ಎಂದು ವಿವರಿಸಿದ ಹಾಗೆ. ಕುಡಿದು, ಲೋಟ ಬೋರಲು ಇಟ್ಟು ಎದ್ದಳು. ಬುಜಾರಿ ಸಮಿತಿಯ ಮುಂದೆ ಇಡುತ್ತೇನೆ, ನೋಡೋಣ, ಆಗದು ಅಂತಲ್ಲ, ಆಗುತ್ತೆ ಅಂತಲೂ ಅಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಸಮಿತಿ ಅದನ್ನು ತಿಂಗಳುಗಟ್ಟಲೆ ನೋಡಿತು. ಅಷ್ಟರಲ್ಲಿ ಕಲ್ಲು ದೊಡ್ಡ ಮನುಷ್ಯನಾಗಿ ಹೋಯಿತು. ಶಾಲೆಯ ಗೋಡೆಗೆ ಅದರ ಚಿತ್ರ ಬಂತು, ಕ್ಯಾಲೆಂಡರಿಗೆ ಬಂತು. ಮೂರು ಗೆರೆಯ ಸೂರ್ಯನನ್ನು ಹೆಣ್ಣುಮಕ್ಕಳ ಹೊಲಿಗೆ ಸಂಘದವರು ಚೀಲಗಳ ಮೇಲೆ ಕಸೂತಿ ಹಾಕಿ ಹೊರಗಿನವರಿಗೆ ಮಾರಿದರು. ಬೇರೆ ಕುಲದ ಮುದುಕರು ಒಳಗೊಳಗೇ ಕುದಿದರು. ನಮ್ಮ ಮುದ್ರೆ ಯಾಕೆ ಚೀಲದ ಮೇಲಿಲ್ಲ ಎಂದು ಕೇಳುವಂತಿಲ್ಲವಲ್ಲ. ಒಬ್ಬ ಮುದುಕ ಬುಜಾರಿಯ ಬಳಿಗೆ ಹೋಗಿ ಚಂದ್ರನಿಗೂ ಅಷ್ಟೇ ಮರ್ಯಾದೆ ಸಿಗಬೇಕು ಎಂದು ಮನವಿ ಕೊಟ್ಟ. ಅವರ ಒಂಟೆಗಳ ಮುದ್ರೆ ಅರ್ಧಚಂದ್ರ.

ವಸಂತದಲ್ಲಿ ಸ್ಪೇನಿನಿಂದ ಹಿತೈಷಿಗಳ ತಂಡವೊಂದು ಬಂತು. ಪರಂಪರೆಯ ಮನೆಯಲ್ಲಿ ಮಹ್ಫೂದನ ಭಾಷಣ. ಊರಿನವರಿಗೂ ತಿಳಿಯಲೆಂದು ನಮ್ಮ ಭಾಷೆಯಲ್ಲೇ ಮಾತು, ಅತಿಥಿಗಳಿಗೆ ಅನುವಾದಿಸಲು ಒಬ್ಬ ಹುಡುಗಿ. ಊರಿನವರೂ ಕೂತಿದ್ದೆವು. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಗಾಜಿನ ಪೆಟ್ಟಿಗೆಗೆ ಒರಗಿಕೊಂಡೇ ಕೂತಿದ್ದಳು. ಮಹ್ಫೂದ್ ಚೆನ್ನಾಗಿ ಮಾತಾಡಿದ, ಸುಳ್ಳು ಹೇಳಬಾರದು. ಹಿಂದೆ ಯುರೋಪಿನವರು ನಮ್ಮ ನೆಲವನ್ನು ಒಡೆಯರಿಲ್ಲದ ನೆಲ ಎಂದರು, ಯಾಕೆಂದರೆ ಅವರು ಬಂದ ದಿನ ನಾವು ಮಳೆಗೆ ಹೋಗಿದ್ದೆವು ಎಂದ. ಆಮೇಲೆ ಬಾಂಬಿಗೆ ಹೆದರಿ ಬಿಟ್ಟು ಬಂದೆವು, ಬಿಟ್ಟು ಬಂದದ್ದು ತೊರೆದದ್ದಲ್ಲ ಎಂದ. ಒಡೆಯ ಇಲ್ಲದಾಗ ಎತ್ತಿಕೊಂಡವನದ್ದು ಆಗುವುದಿಲ್ಲ ಯಾವ ನೆಲವೂ ಎಂದು ಕೈ ಮೇಲೆತ್ತಿದ. ನನಗೂ ಮೈ ಜುಮ್ಮೆಂದಿತು.

ಚಪ್ಪಾಳೆ ನಿಂತ ಮೇಲೆ ದೊಡ್ಡಮ್ಮ ಎದ್ದಳು.

"ಮಗಾ, ಬಿಟ್ಟು ಬಂದಿದ್ದು ತೊರೆದಿದ್ದಲ್ಲ ಅಂದೆ. ಒಳ್ಳೆ ಮಾತು. ಹಂಗಾದ್ರೆ ನನ್ ಕಲ್ಲು? ನಾನೂ ಬಿಟ್ಟು ಬಂದಿದ್ದೆ. ಒಡತಿ ಇಲ್ಲ ಅಂತ ನೀನು ಎತ್ಕೊಂಡೆ. ಅವರು ನೆಲ ಎತ್ಕೊಂಡ್ರು, ನೀನು ಕಲ್ಲು ಎತ್ಕೊಂಡೆ. ಎರಡಕ್ಕೂ ವ್ಯತ್ಯಾಸ ಏನು ಹೇಳು, ಕೇಳ್ಕೊಂಡು ಮನೆಗೆ ಹೋಗ್ತೀನಿ."

 ಅತಿಥಿಗಳು ಅನುವಾದದ ಹುಡುಗಿಯ ಮುಖ ನೋಡಿದರು. ಬುಜಾರಿ ಅವಳಿಗೆ ಕಣ್ಣು ಬಿಟ್ಟ. ಹುಡುಗಿ, ಈ ಹಿರಿಯ ತಾಯಿ ತಮ್ಮೆಲ್ಲರನ್ನೂ ಸ್ವಾಗತಿಸುತ್ತಿದ್ದಾರೆ ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಅತಿಥಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು, ಒಬ್ಬಾಕೆ ಬಂದು ದೊಡ್ಡಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮಹ್ಫೂದ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವನಿಗೆ ಎರಡೂ ಭಾಷೆ ಬರುತ್ತಿತ್ತಲ್ಲ.

ಸಂಜೆ ನನ್ನ ಡೇರೆಗೆ ಬಂದ. ಕ್ಷೇಮ ಸಮಾಚಾರವನ್ನು ಅರ್ಧಕ್ಕೇ ಬಿಟ್ಟು, "ಹಮ್ದಿ, ಆ ಮರದ ವಿಷಯ ಏನು?" ಎಂದು ಕೇಳಿದ. ನಾನು ಹೇಳಿದೆ. ಕೊಂಬೆ, ಕೆಟಲು, ಮಳೆಗೆ ಹೋದ ಒಡೆಯ, ನೆತ್ತರ ಹಗೆಯವನು ಕೂಡ ಮುಟ್ಟದಿರುವುದು, ಎಲ್ಲ. 

"ನನಗೆ ಯಾರೂ ಹೇಳಲಿಲ್ಲವಲ್ಲೋ. ನಾನು ಕಳ್ಳ ಅಲ್ಲ ಹಮ್ದಿ."

"ಅಲ್ಲ ಬಿಡು. ಕಳ್ಳ ಆಗಿದ್ರೆ ಕೆಟಲು ಒಯ್ದಿರ್ತಿದ್ದೆ."

ನಗಿಸಲೆಂದು ಹೇಳಿದ ಮಾತು, ಅವನು ನಗಲಿಲ್ಲ. ಮಾರನೆಯ ಬೆಳಿಗ್ಗೆ ಸಮಿತಿ ಗಿಮಿತಿ ಯಾವುದನ್ನೂ ಕೇಳದೆ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ತೋಳಿನ ಮೇಲೆ ಹೊತ್ತು ದೊಡ್ಡಮ್ಮನ ಮನೆಬಾಗಿಲಿಗೆ ತಂದ. ದಾರಿಯಲ್ಲಿ ಬುಜಾರಿ ಹಿಂದೆ ಹಿಂದೆಯೇ ಬಂದು, "ರಾಷ್ಟ್ರದ ಆಸ್ತಿ ಕಣಯ್ಯಾ, ರಾಷ್ಟ್ರದ ಆಸ್ತಿ" ಅನ್ನುತ್ತಿದ್ದ. ನಾನು ಖುಷಿಯಿಂದ ಒಳಗೆ ಜಾಗ ಮಾಡಿದೆ. ಎಲ್ಲ ಸುಖವಾಗಿ ಮುಗಿಯಿತು ಎಂದುಕೊಂಡೆ.

ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಕಲ್ಲಿನ ತಗ್ಗಿನಲ್ಲಿ ಕೈಯಾಡಿಸಿದಳು. ಆಮೇಲೆ "ಒಳಗೆ ತರ್ಬೇಡ" ಎಂದಳು.

"ಅಮ್ಮಾ, ತಪ್ಪಾಯ್ತು. ನಿಮ್ಮ ಕಲ್ಲು ನಿಮ್ಮ ಮನೆಗೆ ಬಂದಿದೆ."

"ಇದು ನನ್ ಮನೆಯಲ್ಲ ಕಣಪ್ಪಾ. ಕಲ್ಲು ಒಳಗೆ ಬಂತು ಅಂದ್ರೆ ಇದೇ ಮನೆ ಅಂತಾಯ್ತು. ಇಷ್ಟು ವರ್ಷ ನೆಲಕ್ಕೆ ಸಿಮೆಂಟು ಹಾಕಿಸ್ದೆ ಇದ್ದಿದ್ದು ಯಾಕೆ ಅನ್ಕೊಂಡೆ? ಎಲ್ಲಿಂದ ತಂದ್ಯೋ ಅಲ್ಲಿಡು. ಮರದ ಹತ್ರ."

ಮಹ್ಫೂದ್ ತಲೆ ತಗ್ಗಿಸಿ ಆಗಲಿ ಎಂದ.  ಬೇಸಗೆಯ ಬಿಸಿಗಾಳಿ ಕಳೆಯಲಿ, ಮೊದಲ ಮಳೆಯ ಸುದ್ದಿ ಬರಲಿ, ದೊಡ್ಡಮ್ಮ, ಮಹ್ಫೂದ್, ನಾನು ಮೂವರೂ ಹೋಗಿ ಇಟ್ಟು ಬರೋಣ ಎಂದು ಮಾತಾಯಿತು. ಅಲ್ಲಿಯವರೆಗೆ ಕಲ್ಲು ಪರಂಪರೆಯ ಮನೆಗೇ ಹಿಂದಿರುಗಿತು.

ಮಳೆಯ ಸುದ್ದಿ ಬರುವ ಮೊದಲು ಯುದ್ಧದ ಸುದ್ದಿ ಬಂತು. ಅಷ್ಟು ವರ್ಷ ನಿಂತಿದ್ದ ಕದನ ಮತ್ತೆ ಹೊತ್ತಿಕೊಂಡಿತು. ಈ ಸಲ ಪೈಲಟ್ಟಿಲ್ಲದ ವಿಮಾನಗಳು, ಕಣ್ಣಿಗೆ ಕಾಣುವ ಮೊದಲೇ ಕೊಲ್ಲುವಂಥವು. ಗೋಡೆಯ ಈಚೆಗಿನ ನೆಲದಲ್ಲಿ ಒಂಟೆ ಮೇಯಿಸುವವರ ಗಾಡಿಗಳೂ ಸುಟ್ಟುಹೋದವು. ಅಲ್ಲಿದ್ದ ಸಂಸಾರಗಳೆಲ್ಲ ಶಿಬಿರಕ್ಕೆ ಬಂದು ಸೇರಿದವು. ಮರದ ದಾರಿ ಮುಚ್ಚಿತು. ನಾನು ಹೋಗಿಯೇ ಬಿಡುತ್ತೇನೆ ಎಂದು ಒಂದು ದಿನ ಗಾಡಿಗೆ ಎಣ್ಣೆ ತುಂಬಿಸಿದೆ. ದೊಡ್ಡಮ್ಮ ಕೀಲಿಕೈ ಕಿತ್ತುಕೊಂಡಳು. "ಸಾಲೆಕ್‌ನ ಕೊಟ್ಟಿದ್ದಾಯ್ತು. ಕಲ್ಲಿಗೆ ಇನ್ನೊಬ್ಬನ್ನ ಕೊಡಲ್ಲ" ಎಂದಳು.

ಅಷ್ಟೊತ್ತಿಗೆ ಅವಳಿಗೆ ಉಸಿರಾಟ ಕಷ್ಟವಾಗಿತ್ತು. ಚಳಿಗಾಲದ ಒಂದು ಮಧ್ಯಾಹ್ನ, ಪರಂಪರೆಯ ಮನೆಗೆ ಕರೆದುಕೊಂಡು ಹೋಗು ಎಂದಳು. ಮಹ್ಫೂದ್ ಓಡಿ ಬಂದು ಕೈಹಿಡಿದು ಇಳಿಸಿದ. ಗಾಜಿನ ಪೆಟ್ಟಿಗೆಯ ಬಳಿ ನಿಂತು ತನ್ನ ಮೈಮೇಲಿನ ನೀಲಿ ಬಟ್ಟೆಯ ಅಂಚನ್ನು ಹರಿದಳು, ಪೆಟ್ಟಿಗೆಯ ಕಾಲಿಗೆ ಕಟ್ಟಿ ಗಂಟು ಹಾಕಿದಳು. ಮರಕ್ಕೆ ಸಾಮಾನು ಒಪ್ಪಿಸುವಾಗ ಅವಳು ಕಟ್ಟಿದ್ದೂ ಅಂಥದ್ದೇ ಗಂಟು.

"ಮರದ ಹತ್ರ ಹೋಗೋಕೆ ನನ್ ಕೈಲಾಗಲ್ಲ" ಎಂದಳು. "ಇನ್ಮೇಲೆ ನೀನೇ ಮರ."

ಮಹ್ಫೂದ್ ಏನೋ ಹೇಳಹೋದ.

"ಕೇಳು. ಮರ ಯಾವತ್ತೂ ಸಾಮಾನು ತನ್ನದು ಅನ್ನಲ್ಲ. ಜನರದು ಅಂತಾನೂ ಅನ್ನಲ್ಲ. ಯಾರು ಕೇಳಿದ್ರೂ, ಇಟ್ಟೋಳು ಮಳೆಗೆ ಹೋಗಿದಾಳೆ ಅಂತ ನಿಂತಿರುತ್ತೆ. ಆಗುತ್ತಾ ನಿನ್ ಕೈಲಿ?"

 ಮಹ್ಫೂದ್ ಆ ಗಂಟಿನ ಮೇಲೆ ಕೈಯಿಟ್ಟು "ಆಗುತ್ತೆ ಅಮ್ಮಾ" ಎಂದ. ಅಂದೇ ಹಳೆಯ ಹಲಗೆ ತೆಗೆದು ಹೊಸದು ಬರೆದ: "ಅರೆಯುವ ಕಲ್ಲು. ಎಂಗಿಯಾಳದು. ಆಕೆ ಮಳೆಗೆ ಹೋಗಿದ್ದಾಳೆ. ಯಾರೂ ಮುಟ್ಟಬಾರದು." ಐದು ಸಾವಿರ ವರ್ಷವನ್ನು ಕೆಳಗೆ ಸಣ್ಣಕ್ಷರದಲ್ಲಿ ಉಳಿಸಿಕೊಂಡ, ಅದು ಅವನ ವಿದ್ಯೆ, ಬಿಡಲಾಗಲಿಲ್ಲ. ಸೂರ್ಯನನ್ನು ಅಳಿಸಿದ.

ಸಮಿತಿ ಕೂತಿತು. ಒಬ್ಬಳ ಹೆಸರು ಹಾಕಿದರೆ ಎಲ್ಲರೂ ತಮ್ಮ ತಮ್ಮ ಹೆಸರು ಹಾಕಿ ಅನ್ನುತ್ತಾರೆ ಎಂದು ಬುಜಾರಿ ವಾದಿಸಿದ. ಅವನು ಹೇಳಿದ್ದು ನಿಜವಾಯಿತು. ತಿಂಗಳೊಳಗೆ ಮುದುಕಿಯರು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ಸುತ್ತ ಬಟ್ಟೆ ತುಂಡು ಕಟ್ಟತೊಡಗಿದರು. ಒಬ್ಬಳು ಹುಟ್ಟಿದೂರಿನ ಮನೆಯ ಬೀಗದಕೈ ತಂದಿಟ್ಟಳು, ಇನ್ನೊಬ್ಬಳು ಒಂಟೆಯ ಗಂಟೆ. ಚಂದ್ರನ ಮನವಿ ಕೊಟ್ಟಿದ್ದ ಮುದುಕನೂ ಒಂದು ಹಗ್ಗ ತಂದು ಸದ್ದಿಲ್ಲದೆ ಕಟ್ಟಿ ಹೋದ. ಐದು ಸಾವಿರ ವರ್ಷದ್ದು ಯಾವುದೂ ಅಲ್ಲ. ನಮ್ಮಲ್ಲೂ ಅಷ್ಟು ಸಾಮಾನಿತ್ತೇ ಎಂದು ನನಗೇ ಆಶ್ಚರ್ಯವಾಯಿತು.

ಮುಂದಿನ ಬೇಸಗೆಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಕಲ್ಲುಬಯಲಿನಲ್ಲೇ ಮಣ್ಣು ಮಾಡಿದೆವು. ಚೇಳುಗಳಿದ್ದ ಆ ಮರಳುನೆಲದ ಮೇಲೆ ಅವಳ ಚಾಪೆ ಸುತ್ತಿಡುವಾಗ ನಾನು ಮಗುವಿನ ಹಾಗೆ ಅತ್ತೆ.

ಮಣ್ಣಾದ ವಾರಕ್ಕೆ ಬುಜಾರಿ ಪರಂಪರೆಯ ಮನೆಗೆ ಬಂದ. ನಾನೂ ಅಲ್ಲಿದ್ದೆ. ಚಹಾ ಬಂತು. ಎರಡನೆಯ ಲೋಟದ ಹೊತ್ತಿಗೆ ಮೆಲ್ಲಗೆ ವಿಷಯಕ್ಕೆ ಬಂದ.

"ನೋಡಪ್ಪಾ ಮಹ್ಫೂದ್, ಆ ಹಲಗೆ ಈಗ ಬದಲಾಯಿಸ್ಬಹುದು. ಒಡತಿ ಹೋದಳು. ಸತ್ತೋಳನ್ನ ಮಳೆಗೆ ಹೋಗಿದಾಳೆ ಅಂತ ಬರಿಯೋದು ಸುಳ್ಳಲ್ವೇ? ಇನ್ನು ಅದು ಧಾರಾಳವಾಗಿ ದೇಶದ್ದು."

ಮಹ್ಫೂದನಿಗೆ ಆ ಹೊತ್ತಿಗೆ ಸ್ಪೇನಿನಲ್ಲಿ ಕೆಲಸ ಸಿಕ್ಕಿತ್ತು, ಕಾಗದಪತ್ರವೆಲ್ಲ ಸಿದ್ಧವಾಗಿತ್ತು. ಅವನು ಹೊರಡುತ್ತಾನೆ ಎಂದೇ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಪೆಟ್ಟಿಗೆಯ ಕಾಲಿನ ನೀಲಿ ಗಂಟು ಸಡಿಲವಾಗಿತ್ತೇನೋ, ಅವನು ಬಗ್ಗಿ ಅದನ್ನು ಬಿಗಿ ಮಾಡಿದ.

"ಮರಕ್ಕೆ ಸಾವಿನ ಸುದ್ದಿ ಯಾರು ಹೇಳ್ತಾರೆ ಸ್ವಾಮಿ?" ಎಂದ. "ಅದು ಕಾಯ್ತಾ ನಿಂತಿರುತ್ತೆ, ಅಷ್ಟೆ. ಎದ್ದು ಹೋಗೋಕೂ ಬರಲ್ಲ ಅದಕ್ಕೆ."

ಬುಜಾರಿ ಮೂರನೆಯ ಲೋಟ ಕುಡಿದು ಎದ್ದ. ಹೊರಡುವಾಗ ಪೆಟ್ಟಿಗೆಯ ಬಳಿ ನಿಂತು, ಆ ಕಡೆ ಈ ಕಡೆ ನೋಡಿ, ಕಲ್ಲಿನ ಪಕ್ಕೆಯ ಮುದ್ರೆಯನ್ನು ಗಾಜಿನ ಮೇಲಿಂದಲೇ ಒಮ್ಮೆ ಮುಟ್ಟಿ ಹೋದ. ನಾನು ನೋಡಲಿಲ್ಲ ಎಂದುಕೊಂಡಿರಬೇಕು.

ಮಹ್ಫೂದ್ ಇನ್ನೂ ಇಲ್ಲೇ ಇದ್ದಾನೆ. ದಾರಿ ಇನ್ನೂ ತೆರೆದಿಲ್ಲ. ಅಲ್ಲಿ ಆ ಜಾಲಿಮರದ ಕೊಂಬೆಯಲ್ಲಿ ದೊಡ್ಡಮ್ಮನ ಕೆಟಲು ತೂಗುತ್ತಲೇ ಇರಬೇಕು. ಅದನ್ನು ಯಾರೂ ಒಯ್ದಿರಲಾರರು, ಅದು ಅಷ್ಟು ಹಳೆಯದಲ್ಲ.